ಈರುಳ್ಳಿ ಬಣ್ಣಕ್ಕೊಂದು ಕ್ಯಾಮೆರಾ

ಶಾಮಲಾ: ನಿಮಗೆ ಕಾಗೆ ಬೇಕೋ, ಸೀರೆ ಬೇಕೋ? ಮೊದಲು ಅದನ್ನ ಹೇಳ್ರಿ.

ದೇವರಾಜ್: ಇರು ಕಣೇ. ಕಾಗೆ ಕೊಕ್ಕಲ್ಲಿ ಚಕ್ಲಿ ತುಂಡು ಇಟ್ಕೊಂಡಿರೋದೂ ಕಾಣ್ತಾ ಐತೆ.

ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಹತ್ತಿರ, ರೆಹಾನನ ಕ್ಯಾಮೆರಾ ಅಂಗಡಿ. ಮಗ್ಗದ ದೇವರಾಜ್ ಅರ್ಧ ಗಂಟೆಯಿಂದ ಮೊಳದುದ್ದದ ಲೆನ್ಸಿಗೆ ಕಣ್ಣು ಕೊಟ್ಟು ನಿಂತಿದ್ದಾನೆ. ಹೆಂಡತಿ ಶಾಮಲಾ ಗಾಜಿನ ಕೌಂಟರಿನ ಮೇಲೆ ತಮ್ಮದೇ ಮಗ್ಗದ ಸೀರೆಯೊಂದನ್ನು ಹರಡಿಕೊಂಡು ಕಾಯುತ್ತಿದ್ದಾಳೆ. ಕಾಯುವುದು ಅವಳ ಜಾಯಮಾನವಲ್ಲ.

ರೆಹಾನ್: ಅಣ್ಣ, ಅದು ಹಕ್ಕಿ ಫೋಟೋ ತೆಗೆಯೋರ್ಗೆ. ನಿಮ್ಮ ಸೀರೆ ಹಾರಿಹೋಗಲ್ವಲ್ಲ?

ಶಾಮಲಾ: ಹಾರಿಹೋಗಲ್ಲ, ವಾಪಸ್ ಬರ್ತದೆ. ಅದೇ ನಮ್ ಕರ್ಮ.

ಕರ್ಮದ ಕಥೆಯನ್ನೂ ಅವಳೇ ಹೇಳಿದಳು. ಮೊದಲೆಲ್ಲ ನೇಯ್ದದ್ದನ್ನು ಪೇಟೆಯ ಸಾಹುಕಾರನಿಗೆ ಹಾಕುತ್ತಿದ್ದರು. ಆತ ಸೀರೆಯ ಮುಖವನ್ನೂ ನೋಡದೆ ಬೆಲೆ ಹೇಳುತ್ತಿದ್ದ, ಇವರು ತಲೆ ಬಗ್ಗಿಸಿ ಒಪ್ಪುತ್ತಿದ್ದರು. ಹಾಗಾಗಿ ಶಾಮಲಾ ವಾಟ್ಸಾಪಿನಲ್ಲಿ ಒಂದು ಗ್ರೂಪ್ ಮಾಡಿ, ಫೋಟೋ ಹಾಕಿ ತಾನೇ ಮಾರಲು ಶುರುಮಾಡಿದಳು. ಆರು ತಿಂಗಳು ಚೆನ್ನಾಗಿಯೇ ನಡೆಯಿತು. ಈ ತಿಂಗಳು ಮಾತ್ರ ಈರುಳ್ಳಿ ಬಣ್ಣದ ಮೂರು ಸೀರೆಗಳು ಹೋದ ದಾರಿಯಲ್ಲೇ ತಿರುಗಿ ಬಂದವು. ಫೋಟೋದಲ್ಲಿ ಟೊಮೇಟೊ ಬಣ್ಣ ಇತ್ತು, ಕೈಗೆ ಬಂದದ್ದು ಬೇರೆ ಎಂದು ಮೂವರದೂ ಒಂದೇ ದೂರು. ಹೊಸಕೋಟೆಯ ಮದುವೆ ಮನೆಯವರಿಗೆ ಇವತ್ತು ಸಂಜೆಯೊಳಗೆ ಆರು ಸೀರೆಗಳ ಫೋಟೋ ಹೋಗಬೇಕು. ಅವೂ ವಾಪಸ್ಸಾದರೆ ಗ್ರೂಪ್ ಮುಚ್ಚಿ ಮತ್ತೆ ಸಾಹುಕಾರನ ಮುಂದೆ ನಿಲ್ಲಬೇಕು. ಅದನ್ನು ನೆನೆದರೆ ಅವಳಿಗೆ ಅಳು ಬರುತ್ತದೆ, ಅಳು ಬಂದಾಗಲೆಲ್ಲ ಗಂಡನನ್ನು ಬೈಯುತ್ತಾಳೆ.

ರೆಹಾನ್ ಒಂದು ಪುಟ್ಟ ಕ್ಯಾಮೆರಾ ಮುಂದಿಟ್ಟು, ನಿಮ್ಮ ಕೆಲಸಕ್ಕೆ ಇದೇ ಹೆಚ್ಚು ಎಂದ. ದೇವರಾಜ್ ಅದನ್ನು ಅಂಗೈಯಲ್ಲಿ ತೂಗಿ ನೋಡಿ ಪಕ್ಕಕ್ಕೆ ಸರಿಸಿದ.

ದೇವರಾಜ್: ಇದ್ರಲ್ಲಿ ಮೆಗಾಪಿಕ್ಸೆಲ್ ಬರೀ ಇಪ್ಪತ್ತು. ನಲವತ್ತೈದರದ್ದು ಕೊಡಪ್ಪ. ಎಳೆ ಒತ್ತಾಗಿದ್ದಷ್ಟೂ ಬಟ್ಟೆ ಬಾಳಿಕೆ ಬರ್ತದೆ.

ರೆಹಾನ್: ಅಣ್ಣ, ಇದು ಮಗ್ಗ ಅಲ್ಲ. ಮೊಬೈಲಲ್ಲಿ ನೋಡೋ ಫೋಟೋಗೆ ಅಷ್ಟೊಂದು ಬೇಕಿಲ್ಲ. ಬಣ್ಣಕ್ಕೂ ಅದಕ್ಕೂ ಸಂಬಂಧಾನೂ ಇಲ್ಲ. ಅಕ್ಕ, ಆ ಹಳೇ ಫೋಟೋ ಒಂದ್ಸಲ ತೋರ್ಸಿ.

ಶಾಮಲಾ ಮೊಬೈಲ್ ಕೊಟ್ಟಳು. ರೆಹಾನ್ ಫೋಟೋ ನೋಡಿದ, ಕೌಂಟರಿನ ಮೇಲಿದ್ದ ಸೀರೆ ನೋಡಿದ, ಮತ್ತೆ ಫೋಟೋ ನೋಡಿದ.

ರೆಹಾನ್: ಇದನ್ನ ಎಲ್ಲಿ ನಿಂತು ತೆಗೆದ್ರಿ?

ಶಾಮಲಾ ಗಂಡನ ಕಡೆ ನೋಡಿದಳು. ಗಂಡ ಕಾಗೆಯ ಕಡೆ ನೋಡಿದ.

ಶಾಮಲಾ: ಮಗ್ಗದ ಮನೆ ಒಳಗೆ. ಬಾಗಿಲು, ಕಿಟಕಿ ಎಲ್ಲಾ ಹಾಕ್ಕೊಂಡು, ಹಳದಿ ಬಲ್ಬ್ ಹಾಕಿ.

ರೆಹಾನ್ ಸೀರೆ ಎತ್ತಿಕೊಂಡು ಹೊಸ್ತಿಲಿಗೆ ಹೋದ. ಹಗಲು ಬೆಳಕಿನಲ್ಲಿ ಸೆರಗು ಹಿಡಿದು, ಶಾಮಲಾಳ ಅದೇ ಹಳೇ ಮೊಬೈಲಿನಲ್ಲಿ ಒಂದು ಫೋಟೋ ತೆಗೆದ. ಈರುಳ್ಳಿ ಈರುಳ್ಳಿಯಾಗಿಯೇ ಬಂತು.

ರೆಹಾನ್: ನಿಮ್ಗೆ ಕ್ಯಾಮೆರಾನೇ ಬೇಡ ಅಕ್ಕ. ನೂಲಿನ ಬಣ್ಣ ನೋಡೋಕೆ ಬೆಳಕಿಗೆ ಬರ್ತೀರ, ಫೋಟೋ ತೆಗೆಯೋಕೆ ಕತ್ತಲೆಗೆ ಹೋಗ್ತೀರ. ಬಾಗಿಲು ಯಾಕೆ ಹಾಕ್ಕೋತೀರ?

ದೇವರಾಜನ ಮುಖ ಸಣ್ಣಗಾಯಿತು. ಹೇಳದೆ ವಿಧಿಯಿರಲಿಲ್ಲ.

ದೇವರಾಜ್: ಪಕ್ಕದ್ಮನೆ ಆವಲಪ್ಪಂದೂ ಮಗ್ಗ ಐತೆ. ನಮ್ ಅಂಚು ಅವನ ಕಣ್ಣಿಗೆ ಬಿದ್ರೆ ವಾರದಲ್ಲಿ ಅವನೂ ನೇಯ್ತಾನೆ. ಅದಕ್ಕೇ ಈ ತಿಂಗಳಿಂದ ಹೊಸಾ ಸೀರೇನ ಹೊರಗೆ ತರಬೇಡ ಅಂದಿದ್ದೆ.

ಶಾಮಲಾ: ಬಾಗಿಲು ಹಾಕಿ ತೆಗೆದಿದ್ದನ್ನ ನಾನೇ ನೂರ ಅರವತ್ತು ಜನದ ಗ್ರೂಪಿಗೆ ಹಾಕ್ತಿದ್ನಲ್ರೀ. ಆವಲಪ್ಪನ ಹೆಂಡ್ತಿನೂ ಅದ್ರಲ್ಲೇ ಅವ್ಳೆ. ಅರ್ಧ ಜನಾನ ಸೇರ್ಸಿದ್ದೇ ಅವಳು.

ದೇವರಾಜ್ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತ. ರೆಹಾನ್ ಪಾಪ ಎಂದುಕೊಂಡು ನೀರು ಕೊಟ್ಟ. ಕುಡಿದು ಸುಧಾರಿಸಿಕೊಂಡ ಮೇಲೆ ದೇವರಾಜನಿಗೆ ಒಂದೇ ಚಿಂತೆ ಉಳಿಯಿತು.

ದೇವರಾಜ್: ಹಂಗಾದ್ರೆ ಅವನು ನಮ್ ಸೀರೆ ನೇಯ್ದೇಬಿಟ್ನಾ?

ಶಾಮಲಾ ಸೀರೆ ಮಡಿಸುತ್ತಾ ಮೆತ್ತಗೆ ಹೇಳಿದಳು.

ಶಾಮಲಾ: ನೇಯ್ದ. ನಿಮ್ ಹಳದಿ ಬಲ್ಬಿನ ಫೋಟೋ ನೋಡ್ಕೊಂಡೇ, ಟೊಮೇಟೊ ಬಣ್ಣದಲ್ಲಿ. ನಮಗೆ ವಾಪಸ್ ಕೊಟ್ಟ ಮೂರು ಜನಾನೂ ಅವನ ಹತ್ರ ತಗೊಂಡವ್ರೆ. ಫೋಟೋದಲ್ಲಿದ್ದಂಗೇ ಐತೆ ಅಂತ ಗ್ರೂಪಲ್ಲಿ ಹೊಗಳ್ತಾ ಅವ್ರೆ.