ಭಾರಿ ಸಂಬಳಕ್ಕೊಂದು ಮಹಾಪ್ರಾಣ

ಮೋಸದ ಕೆಲಸದ ಪತ್ರವನ್ನು ಬರೀ ವಾಸನೆಯಲ್ಲೇ ಪತ್ತೆ ಹಚ್ಚುವ ಗಂಡಸು ಈ ಭೂಮಂಡಲದಲ್ಲಿ ಒಬ್ಬನೇ ಇದ್ದರೆ ಅದು ನಾನೇ ಎಂದು ಮೊನ್ನೆ ಮೊನ್ನೆಯವರೆಗೂ ಘೋಷಿಸುತ್ತಿದ್ದೆ. ಜೀವಮಾನವಿಡೀ ಮುದ್ರಣಾಲಯದಲ್ಲಿ ಕರಡು ತಿದ್ದಿದ ಕಣ್ಣು ಸ್ವಾಮಿ ಇದು! ನಾನು ಕನ್ನಡಕ ಏರಿಸಿದರೆ ಸಾಕು, ತಪ್ಪು ಒತ್ತಕ್ಷರಗಳು ತಾವಾಗಿಯೇ ಸಾಲು ಬಿಟ್ಟಿಳಿದು ಕೈಮುಗಿದು ನಿಲ್ಲುತ್ತಿದ್ದವು.

ಹೆಂಡತಿಯ ತಮ್ಮ ಕೆಲಸ ಕಳೆದುಕೊಂಡು ನಮ್ಮ ಸೋಫಾದಲ್ಲಿ ಬೇರು ಬಿಟ್ಟಿದ್ದ. ಓದುವ ಮೊದಲೇ ಗುಂಡಿ ಒತ್ತಿಬಿಡುವ ಅವನನ್ನು ನಾವೆಲ್ಲ ಕರೆಯುವುದು 'ಸ್ಪೀಡು' ಎಂದೇ. ಮನೆಯಿಂದಲೇ ಮಾಡುವ ಕೆಲಸ ಹುಡುಕುತ್ತಿದ್ದ ಅವನಿಗೆ ಉಪದೇಶಾಮೃತ ಕುಡಿಸಿದೆ: "ನೋಡಯ್ಯಾ, ಕಳ್ಳರಿಗೆ ಕಾಗುಣಿತ ಬರೋದಿಲ್ಲ. ಪತ್ರದಲ್ಲಿ ಒಂದು ತಪ್ಪು ಕಂಡ್ರೂ ಓಡು. ತಪ್ಪೇ ಇಲ್ಲ ಅಂದ್ರೆ ಕಣ್ಣು ಮುಚ್ಚಿ ಸೇರ್ಕೋ!"

ಅದೇ ವಾರ ನನ್ನ ಮೊಬೈಲಿಗೇ ಒಂದು ಸಂದೇಶ ಬಂತು. "ನಿಮ್ಮ ಆಯ್ಕೆಯಾಗಿಧೆ. ಮನೇಲೇ ಕೂತು ಧುಡಿಯಿರಿ. ಬಾರಿ ಸಂಬಳ!"

ನನ್ನ ರಕ್ತ ಕುದಿಯಿತು. ಮೋಸಕ್ಕಲ್ಲ, ಮಹಾಪ್ರಾಣಕ್ಕೆ! ಬೇಕಾದಲ್ಲಿ ಇಲ್ಲ, ಬೇಡದಲ್ಲಿ ಎರಡೆರಡು! 'ಬಾರಿ'ಯನ್ನು 'ಭಾರಿ' ಮಾಡಿ, ಉಳಿದದ್ದನ್ನೂ ತಿದ್ದಿ, ಛೀಮಾರಿಯ ಸಮೇತ ವಾಪಸು ಕಳಿಸಿದೆ. ಕೂಡಲೇ ಉತ್ತರ: "ಸಾರ್, ನಿಮ್ಮಂಥವರನ್ನೇ ಹುಡುಕುತ್ತಿದ್ದೆವು. ನಮ್ಮ ಪತ್ರಗಳನ್ನೆಲ್ಲ ತಿದ್ದಿಕೊಡಿ. ಇನ್ನು ನೀವೇ ಮುಖ್ಯ ಸಂಪಾಧಕರು!"

ಮುಖ್ಯ ಸಂಪಾದಕ! ಆ ಪದದಲ್ಲೂ ತಪ್ಪಿತ್ತು. ಆದರೆ ಅಷ್ಟು ಹೊತ್ತಿಗೆ ನನ್ನ ಕನ್ನಡಕಕ್ಕೆ ಮಂಜು ಕವಿದಿತ್ತು.

"ಸಂದರ್ಶನ ಮಾಡಿದ್ರಾ?" ಹೆಂಡತಿ ಕೇಳಿದಳು.

"ಪ್ರತಿಭೆಗೆ ಯಾತರ ಸಂದರ್ಶನ ಕಣೇ?"

"ಹೋಗ್ಲಿ, ಅವರ ಮುಖ ನೋಡಿದ್ರಾ? ಧ್ವನಿ ಕೇಳಿದ್ರಾ?"

"ದೊಡ್ಡ ಸಂಸ್ಥೆಗಳು ಮೌನವಾಗಿರ್ತವೆ!"

"ಸಂಬಳ?"

"ಬರುತ್ತೆ. ಅದಕ್ಕೆ ಮೊದಲು ಒಂದಿಷ್ಟು ಠೇವಣಿ ಇಡಬೇಕಂತೆ."

"ಕೆಲಸ ಕೊಡೋರು ದುಡ್ಡು ಕೊಡ್ತಾರೆ ರೀ, ಕೇಳೋದಿಲ್ಲ. ಒಂದು ಪೈಸೆ ಕಳಿಸಿದ್ರೂ ಇನ್ಮೇಲೆ ನಿಮ್ಮ ಊಟಾನೂ ಅವರೇ ಕಳಿಸ್ಬೇಕು!"

ಊಟದ ಮೇಲಿನ ಗೌರವದಿಂದ ಠೇವಣಿ ಮುಂದೂಡಿದೆ. ತಿದ್ದುವುದನ್ನು ಮಾತ್ರ ಬಿಡಲಿಲ್ಲ. ಊಟದ ಮೇಜಿನ ಮೇಲೆ ಕಚೇರಿ ತೆರೆದು, ಸೀಟಿ ಹಾಕಿದ ಕುಕ್ಕರಿಗೂ "ಸದ್ದು! ಸಂಪಾದಕರು ಕೆಲಸದಲ್ಲಿದ್ದಾರೆ" ಎಂದು ಗದರಿಸುತ್ತಾ, ಅವರ ನೇಮಕ ಪತ್ರವನ್ನು ಒಗೆದು, ಹಿಂಡಿ, ಇಸ್ತ್ರಿ ಹಾಕಿದೆ. ಓದಿದರೆ ಮಹಾರಾಜರೂ ಸಿಂಹಾಸನಕ್ಕೆ ರಾಜೀನಾಮೆ ಕೊಟ್ಟು ಅರ್ಜಿ ಹಾಕಬೇಕು, ಹಾಗೆ!

ಒಂದು ಬೆಳಿಗ್ಗೆ ಸ್ಪೀಡು ಸೋಫಾದಿಂದ ಚಿಮ್ಮಿದ. "ಭಾವಾ, ಕೆಲಸ ಸಿಕ್ತು! ನೋಂದಣಿ ಶುಲ್ಕ ಕಟ್ಬೇಕಂತೆ. ಬೈಕ್ ಮಾರಿದ ದುಡ್ಡಷ್ಟನ್ನೂ ಕಳಿಸ್ತಿದ್ದೀನಿ. ನಿಮ್ಮ ಪರೀಕ್ಷೇಲಿ ಪತ್ರ ಪಾಸು. ಒಂದೂ ತಪ್ಪಿಲ್ಲ!"

ಇಣುಕಿದೆ. "ತಮ್ಮ ಘನ ಪ್ರತಿಭೆಗೆ ತಲೆಬಾಗಿ, ಭಾರಿ ಸಂಬಳದೊಂದಿಗೆ..." ಅಯ್ಯೋ, ನನ್ನದೇ ಕೂಸು!

"ಕಳಿಸ್ಬೇಡ! ತಪ್ಪಿದೆ!"

"ಎಲ್ಲಿ?" ಅವನ ಹೆಬ್ಬೆರಳು ಹಣ ಕಳಿಸುವ ಗುಂಡಿಯ ಮೇಲೆ ತೂಗಾಡುತ್ತಿತ್ತು.

ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿದೆ. ಒಂದು ಅಲ್ಪವಿರಾಮವಾದರೂ ಆಚೀಚೆ ಸರಿದಿರಬಾರದೇ! ಹಾಳಾದ್ದು, ಜೀವಮಾನದಲ್ಲಿ ಇಷ್ಟು ಶುದ್ಧವಾಗಿ ನಾನು ಯಾವುದನ್ನೂ ತಿದ್ದಿರಲಿಲ್ಲ.

"ಇಲ್ಲಿ ನೋಡು... 'ತಲೆಬಾಗಿ'..."

"ಸರಿಯಾಗೇ ಬಾಗಿದೆಯಲ್ಲ ಭಾವ. ಒತ್ಲಾ?"

"ಒತ್ತಬೇಡ್ವೋ! ಅದನ್ನ ತಿದ್ದಿದ್ದೇ ನಾನು!"

ಹೆಬ್ಬೆರಳು ನಿಂತಿತು. ಸ್ಪೀಡು ಹುಟ್ಟಿದ ಮೇಲೆ ಮೊದಲ ಸಲ ನಿಧಾನವಾಗಿ ಕೂತ. ಹೆಂಡತಿ ಬಂದವಳೇ ಕನ್ನಡಕವನ್ನು ನನ್ನ ಮೂಗಿನಿಂದ ಕಿತ್ತು ತಾನು ಹಾಕಿಕೊಂಡಳು. ನನ್ನ ಮೊಬೈಲು ತೆಗೆದು ಮೊದಲ ಸಂದೇಶದಿಂದ ಓದಿದಳು.

"ಅಲ್ಲಾ ರೀ, 'ಬಾರಿ ಸಂಬಳ'ನ 'ಭಾರಿ ಸಂಬಳ' ಅಂತ ತಿದ್ದಿದ್ದೀರಲ್ಲ, ಎಂಥಾ ಕರಡು ತಿದ್ದೋರು ನೀವು?"

"ಮತ್ತೆ ಹೇಗೆ ತಿದ್ದಬೇಕಿತ್ತು?"

"'ಬಾರದ ಸಂಬಳ' ಅಂತ!"