ಲಕ್ಕಣ್ಣ ಅನುಮಾನ ಬಿಟ್ಟ ದಿನ

ಈ ಕತೆ ಹೇಳಹೊರಟದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಲಕ್ಕಣ್ಣ ಇನ್ನೂ ಮಾಕಳಿಯಲ್ಲೇ ಇದ್ದಾನೆ. ಅವನಿಗೆ ಓದಲೂ ಬರುತ್ತದೆ.

೧೯೬೨ರಲ್ಲಿ ಅವನು ಯಶವಂತಪುರದ ಒಂದು ಹಿತ್ತಾಳೆ ನಲ್ಲಿ ಕಾರ್ಖಾನೆಯ ಗೇಟು ಕಾಯುತ್ತಿದ್ದ. ಅವನಿಗಿದ್ದ ರೋಗ ಒಂದೇ, ಅನುಮಾನ. ಒಮ್ಮೆ ಪೋಸ್ಟ್‌ಮ್ಯಾನನ ಪೇಟವನ್ನೇ ಬಿಚ್ಚಿಸಿದ್ದ. "ಇನ್ನೊಂದು ದೂರು ಬಂದರೆ ನಿನ್ನ ಕೆಲಸ ಖಾಯಂ ಆಗಲ್ಲ" ಎಂದು ಮ್ಯಾನೇಜರು ಎಚ್ಚರಿಸಿದ್ದರು. ಖಾಯಂ ಆಗಲು ಉಳಿದಿದ್ದದ್ದು ಒಂದೇ ದಿನ.

ಅವತ್ತು ಬೆಳಿಗ್ಗೆ ಸ್ಟೋರ್ ಗುಮಾಸ್ತ ವೆಂಕಟರಾಮಯ್ಯನವರು ಮರುಕದಿಂದ ಒಂದು ಉಪಾಯ ಹೇಳಿಕೊಟ್ಟರು.

"ಮನಸ್ಸೂ ಒಂದು ಗೇಟೇ ಕಣಯ್ಯಾ. ಯೋಚನೆ ಬರುತ್ತೆ, ಹೋಗುತ್ತೆ. ನೀನು ಸ್ಟೂಲ್ ಮೇಲೆ ಕೂತು ಸುಮ್ನೆ ನೋಡು. ಹಿಡೀಬೇಡ, ಹಿಂದೆ ಓಡ್ಬೇಡ."

"ಅಷ್ಟೇನಾ ಸ್ವಾಮಿ?"

"ಋಷಿಗಳು ಮಾಡಿದ್ದೂ ಅಷ್ಟೇ."

ಮಧ್ಯಾಹ್ನ ಊಟಕ್ಕೆ ಹೊರಟ ಲೇತ್ ಯಂತ್ರದ ಕೆಲಸಗಾರ ಗಯಾಸ್‌ನ ಜೇಬು ಉಬ್ಬಿತ್ತು. ಅನುಮಾನ ಬಂತು. ಲಕ್ಕಣ್ಣ ನೋಡಿದ. ಹೋಯಿತು. ಗಯಾಸನೇ ಗಾಬರಿಯಾಗಿ ನಿಂತ.

"ಏನ್ ಲಕ್ಕಣ್ಣ, ಜೇಬು ನೋಡಲ್ವಾ? ಮೈಗೆ ಹುಷಾರಿಲ್ವಾ?"

"ನೋಡ್ತಾನೇ ಇದೀನಿ ಸಾಬ್ರೇ, ಒಳಗೆ."

ಸಂಜೆ ಐದಕ್ಕೆ ವೆಂಕಟರಾಮಯ್ಯನವರು ಬಂದರು. ಬೆಳಿಗ್ಗೆ ಒಂದೇ ಬೆರಳಲ್ಲಿ ತೂಗಾಡಿಸಿಕೊಂಡು ಬಂದ ನಾಲ್ಕು ಡಬ್ಬಿಯ ಕ್ಯಾರಿಯರನ್ನು ಈಗ ಎರಡು ಕೈಯಲ್ಲಿ ಎತ್ತಿಕೊಂಡು ಏದುಸಿರು ಬಿಡುತ್ತಿದ್ದರು. ಲಕ್ಕಣ್ಣನಿಗೆ ಅನುಮಾನ ಬಂತು. ಎಷ್ಟು ನೋಡಿದರೂ ಹೋಗಲಿಲ್ಲ. ಹಬ್ಬಕ್ಕೆ ಬಂದ ಷಡ್ಡಕನಂತೆ ಚಾಪೆ ಹಾಸಿಕೊಂಡು ಕೂತುಬಿಟ್ಟಿತು.

"ಊಟ ಆದ್ಮೇಲೆ ಕ್ಯಾರಿಯರ್ ಭಾರ ಆಗೋದನ್ನ ಇವತ್ತೇ ನೋಡಿದ್ದು" ಎಂದ ಗಯಾಸ್.

"ನಮ್ಗೊಂದ್ ನ್ಯಾಯ, ಅವ್ರಿಗೊಂದ್ ನ್ಯಾಯಾನಾ?" ಎಂದ ಸಾಲಿನಲ್ಲಿ ಹಿಂದಿದ್ದ ಕೆಲಸಗಾರ ಮುನಿಶಾಮಪ್ಪ.

ಇಡೀ ಪಾಳಿ ಸುತ್ತ ನೆರೆಯಿತು. ಲಕ್ಕಣ್ಣ ಗಮನಿಸುವ ಮೊದಲೇ ಅವನ ಕೈ ಮುಂದಕ್ಕೆ ಹಾರಿ ಮುಚ್ಚಳ ತೆಗೆದಿತ್ತು.

ಒಳಗೆ ಕ್ಯಾಂಟೀನಿನ ಎಂಜಲು. ಮುದ್ದೆ ಚೂರು, ಹುಳಿ, ಅನ್ನ, ನಾಲ್ಕೂ ಡಬ್ಬಿ ತುಂಬಾ.

"ಎಮ್ಮೆಗೆ ಕಣಯ್ಯಾ, ಕಲಗಚ್ಚು" ಎನ್ನುವಾಗ ವೆಂಕಟರಾಮಯ್ಯನವರ ಕಣ್ಣು ತುಂಬಿತ್ತು. "ನಾನು ಹೇಳಿಕೊಟ್ಟಿದ್ದು ಇದೇನಾ?"

ಲಕ್ಕಣ್ಣ ಕಾಲಿಗೆ ಬಿದ್ದ.

"ಏಳು, ದೂರು ಕೊಡಲ್ಲ. ಇನ್ನಾದ್ರೂ ನೋಡೋದು ಕಲಿ."

ಅಷ್ಟರಲ್ಲಿ ಕಾರ್ಖಾನೆಯ ಒಳಗಿನಿಂದ ಗೋಣಿತಾಟು ಮುಚ್ಚಿದ ಕೈಗಾಡಿಯೊಂದು ಬಂತು. ತಳ್ಳುತ್ತಿದ್ದ ಇಬ್ಬರನ್ನು ಲಕ್ಕಣ್ಣ ಎಂದೂ ಕಂಡಿರಲಿಲ್ಲ. ಅನುಮಾನ ಕೊಂಬು ತಿರುವಿಕೊಂಡೇ ಬಂತು. ಈ ಸಲ ಅವನು ಸೋಲಲಿಲ್ಲ. ನೋಡಿದ, ಬಿಟ್ಟ. ಗೇಟಿನ ಎರಡೂ ಬಾಗಿಲು ತಾನೇ ತೆರೆದು, ಚಕ್ರಕ್ಕೆ ಅಡ್ಡವಿದ್ದ ಕಲ್ಲನ್ನೂ ಸರಿಸಿದ.

ಇಪ್ಪತ್ತು ನಿಮಿಷಕ್ಕೆ ಮ್ಯಾನೇಜರು ಓಡಿಬಂದರು. ಸ್ಟೋರಿನಲ್ಲಿದ್ದ ಹಿತ್ತಾಳೆ ಸರಳುಗಳು ಪೂರಾ ಮಾಯ!

"ಅವರ ಮೇಲೆ ಅನುಮಾನವೇ ಬರಲಿಲ್ವೇನಯ್ಯಾ?"

"ಬಂತು ಸ್ವಾಮಿ. ನೋಡಿದೆ. ಹೋಯ್ತು."

ಮ್ಯಾನೇಜರ ಬಾಯಿ ವಾಷರಿಲ್ಲದ ನಲ್ಲಿಯಂತೆ ತೆರೆದೇ ಉಳಿಯಿತು. ಲಕ್ಕಣ್ಣನ ಕೆಲಸ ಆ ಸಂಜೆಯೇ ಹೋಯಿತು.

ಆ ಇಬ್ಬರು ಸಿಗಲೇ ಇಲ್ಲ. ವೆಂಕಟರಾಮಯ್ಯನವರ ಮನೆಯನ್ನು ನಾನು ಬಲ್ಲೆ. ಮತ್ತಿಕೆರೆಯಲ್ಲಿ ಮಹಡಿ ಮೇಲಿನ ಒಂಟಿ ಕೋಣೆ. ಅಲ್ಲಿ ಎಮ್ಮೆಯನ್ನು ಎಲ್ಲಿ ಕಟ್ಟುತ್ತಿದ್ದರೋ, ನನಗೆ ಗೊತ್ತಿಲ್ಲ.