ಚಳಿಗಾಲಕ್ಕೆ ಏರಿದ ಪಾದರಸ

ಮುದ್ರಣಾಲಯದಲ್ಲಿ ಕರಡು ತಿದ್ದುವ ನನಗೆ ಬೇರೆಯವರ ತಪ್ಪು ಹಿಡಿಯುವುದೇ ಹೊಟ್ಟೆಪಾಡು. ಅಂಥವನಿಗೆ ಹತ್ತು ವರ್ಷದ ಮಗಳಿಗೆ ಒಂದು ತಿಂಗಳು ವಿಜ್ಞಾನ ಹೇಳಿಕೊಡಲು ಬಾರದೇ? ನೀವೇ ಹೇಳಿ!

ನಮ್ಮ ಮಗಳು ಶಾಲೆಗೆ ಹೋಗುವುದಿಲ್ಲ. ಐದು ವರ್ಷದಿಂದ ಊಟದ ಮೇಜೇ ಅವಳ ಶಾಲೆ, ನನ್ನ ಹೆಂಡತಿಯೇ ಟೀಚರು. ಮೂವತ್ತು ವರ್ಷ ಹೆಡ್‌ಮಿಸ್ ಆಗಿ ನಿವೃತ್ತಳಾದ ನನ್ನ ಅಕ್ಕನಿಗೆ ಇದು ಸುತರಾಂ ಇಷ್ಟವಿಲ್ಲ. ಕಳೆದ ಸಲ ಬಂದವಳು ಗುಡುಗಿಯೇ ಹೋದಳು.

"ಚಳಿ ಶುರುವಾದ ಮೇಲೆ ಬಂದು ಹುಡುಗಿಗೆ ಪರೀಕ್ಷೆ ಮಾಡ್ತೀನಿ. ನಂಗೆ ಸಮಾಧಾನ ಆಗ್ಲಿಲ್ಲ ಅಂದ್ರೆ ಶಾಲೆಗೆ ಸೇರಿಸ್ಬೇಕು. ಒಪ್ಪಿಗೆನಾ?"

ನನ್ನ ಬಾಯಿ ಇದೆಯಲ್ಲ, ಅದು ನನ್ನನ್ನು ಕೇಳದೆಯೇ "ಒಪ್ಪಿಗೆ" ಎಂದುಬಿಟ್ಟಿತು. ಮಗಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಕಳೆದ ಮಾನವನ್ನು ಮರಳಿ ಪಡೆಯಲು ನಾನು ಘೋಷಿಸಿದೆ: "ಈ ತಿಂಗಳು ವಿಜ್ಞಾನ ನಂದು. ಪಾಠ, ಋತು ಬದಲಾವಣೆ. ಪುಸ್ತಕ ಇಲ್ಲ, ಬರೀ ಪ್ರಯೋಗ."

"ರೀ, ನಿಮಗ್ಯಾಕೆ ಇಲ್ಲದ ಉಸಾಬರಿ?" ಎಂದಳು ಹೆಂಡತಿ.

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಥರ್ಮಾಮೀಟರು ತಂದೆ. ಹಿತ್ತಲ ಗೋಡೆಯಲ್ಲಿ, ಸ್ನಾನದ ಮನೆಯ ಕಿಟಕಿಯ ಪಕ್ಕ ಮೊದಲೇ ಒಂದು ಮೊಳೆ ಇತ್ತು. ಇನ್ನೊಂದು ಹೊಡೆಯುವ ತಾಪತ್ರಯ ಏಕೆಂದು ಅಲ್ಲೇ ನೇತುಹಾಕಿದೆ. ದಿನಾ ಬೆಳಿಗ್ಗೆ ಏಳೂವರೆಗೆ ಮಗಳು ನೋಡಿ ಬರೆಯಬೇಕು, ಗೋಡೆಯ ನಕ್ಷೆಯಲ್ಲಿ ಗೆರೆ ಎಳೆಯಬೇಕು. ನಿಯಮ ಮೂರೇ: ಜಾಗ ಬದಲಿಸಬಾರದು, ವೇಳೆ ಬದಲಿಸಬಾರದು, ಎದುರು ಮಾತಾಡಬಾರದು. ಖುದ್ದಾಗಿ ನಿಂತು ನೋಡುವ ಆಸೆ ನನಗೂ ಇತ್ತು. ಆದರೆ ಅದು ನನ್ನ ಸ್ನಾನದ ಹೊತ್ತು.

ಮೊದಲ ವಾರ ಇಪ್ಪತ್ತೆರಡು ಡಿಗ್ರಿ. ಎರಡನೇ ವಾರ ಇಪ್ಪತ್ತೈದು. ಮೂರನೇ ವಾರ ಇಪ್ಪತ್ತೆಂಟು! ನಡುವೆ ಒಂದು ಭಾನುವಾರ ಮಗಳು ಹನ್ನೊಂದು ಎಂದು ಬರೆದಿದ್ದಳು. ಕಣ್ತಪ್ಪಿರಬೇಕೆಂದು ನಾನೇ ಕೆಂಪು ಶಾಯಿಯಲ್ಲಿ ಇಪ್ಪತ್ತೊಂದು ಎಂದು ತಿದ್ದಿದೆ. ಬೀದಿಯ ಮರಗಳು ಎಲೆ ಉದುರಿಸುತ್ತಿದ್ದವು, ಎದುರು ಮನೆಯ ದರ್ಜಿ ಕಿವಿಗೆ ಮಫ್ಲರ್ ಸುತ್ತಿಕೊಂಡಿದ್ದ. ಅವರಿಗೇನು ಗೊತ್ತು ವಿಜ್ಞಾನ!

"ಈ ವರ್ಷ ಚಳಿಗಾಲ ಬರಲ್ಲ" ಎಂದು ಸಾರಿದೆ.

"ನನ್ನ ಮೂಗು ಸೋರ್ತಿದೆಯಲ್ರೀ?"

"ಮೂಗು ಉಪಕರಣ ಅಲ್ಲ ಕಣೇ."

"ಅಪ್ಪ, ನಂಗೊಂದು ಅನುಮಾನ..." ಎಂದಳು ಮಗಳು.

"ಮೂರನೇ ನಿಯಮ ಏನು?"

"ಎದುರು ಮಾತಾಡಬಾರದು."

ನನಗೆ ರೇಗಿತು. ಕಣ್ಣೆದುರಿನ ಅಂಕಿಗಿಂತ ಸೋರುವ ಮೂಗು ಹೆಚ್ಚಾಯಿತೇ ಇವರಿಗೆ? ಸ್ವೆಟರು, ಕಂಬಳಿ, ರಜಾಯಿ ಎಲ್ಲವನ್ನೂ ಗಂಟು ಕಟ್ಟಿ, ನುಸಿಗುಳಿಗೆ ಹಾಕಿ ಅಟ್ಟಕ್ಕೆ ಏರಿಸಿದೆ. ಕೋಣೆ ಬೆಚ್ಚಗಾಗಿಸುವ ಹೀಟರನ್ನು ರಿಪೇರಿಯವನಿಗೆ ಕೊಟ್ಟು "ನಿಧಾನವಾಗಿ ಮಾಡಪ್ಪ, ಅವಸರ ಇಲ್ಲ" ಎಂದೆ.

ಮುಂದಿನ ನಾಲ್ಕು ದಿನ ಹೇಗೆ ಕಳೆದೆನೆಂದು ಕೇಳಬೇಡಿ. ಆಡಿದ ಮಾತು ತಪ್ಪುವಂತಿಲ್ಲ. ತೆಳ್ಳನೆಯ ಅಂಗಿಯಲ್ಲೇ ಓಡಾಡಿದೆ. ಬೆಳಗಿನ ಬಿಸಿನೀರೊಂದೇ ನನ್ನ ಬಂಧು. ಒಳಹೊಕ್ಕರೆ ಹೊರಬರುವ ಮನಸ್ಸೇ ಆಗುತ್ತಿರಲಿಲ್ಲ.

ಶನಿವಾರ ಎರಡು ಸ್ವೆಟರು ತೊಟ್ಟು ಅಕ್ಕ ಬಂದಳು. ಹೆಂಡತಿ ಕಿಟಕಿಯ ಪರದೆ ಹೊದ್ದಿದ್ದಳು. ಮಗಳು ನನ್ನ ಕಾಲುಚೀಲವನ್ನು ಕೈಗೆ ಹಾಕಿಕೊಂಡಿದ್ದಳು. ನಾನು ಹಲ್ಲು ಕಟಕಟಿಸುತ್ತ ನಕ್ಷೆ ತೋರಿಸಿದೆ: "ಇ... ಇವತ್ತು ಮೂವತ್ತನಾಲ್ಕು ಅಕ್ಕ."

"ನಲ್ಲಿ ನೀರು ಮುಟ್ಟೋಕಾಗ್ತಿಲ್ಲ, ಮೂವತ್ತನಾಲ್ಕಂತೆ! ಇದೇನೋ ನೀವು ಕಲಿಸೋದು? ಸೋಮವಾರವೇ ಹುಡುಗಿಯನ್ನ ಶಾಲೆಗೆ ಸೇರಿಸು."

ಹೆಂಡತಿಯ ಕಣ್ಣು ತುಂಬಿತು. ಐದು ವರ್ಷ ಅವಳು ಪಟ್ಟ ಪಾಡನ್ನು ನಾನು ಒಂದು ತಿಂಗಳಲ್ಲಿ ನೀರುಪಾಲು ಮಾಡಿದ್ದೆ. ಆದರೂ ಬಿಡಲಿಲ್ಲ. "ಉಪಕರಣ ಸುಳ್ಳು ಹೇಳತ್ತಾ ಅಕ್ಕ?"

"ಹೇಳಲ್ಲ ಅತ್ತೆ" ಎನ್ನುತ್ತ ಮಗಳು ಹಾಸಿಗೆಯ ಕೆಳಗಿನಿಂದ ಇನ್ನೊಂದು ನೋಟ್‌ಬುಕ್ ತಂದಳು. ಅಕ್ಕ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದಳು.

"ಅಪ್ಪನ ಸ್ನಾನ ಹತ್ತು ನಿಮಿಷ: ಇಪ್ಪತ್ತೆರಡು. ಅಪ್ಪನ ಸ್ನಾನ ಇಪ್ಪತ್ತೈದು ನಿಮಿಷ: ಇಪ್ಪತ್ತೆಂಟು. ಅಪ್ಪ ಸ್ನಾನಕ್ಕೆ ಚಕ್ಕರ್ ಹೊಡೆದ ಭಾನುವಾರ: ಹನ್ನೊಂದು. ಕಾರಣ, ಸ್ನಾನದ ಮನೆಯ ಕಿಟಕಿಯಿಂದ ಬರುವ ಹಬೆ. ಚಳಿ ಹೆಚ್ಚಿದಷ್ಟೂ ಅಪ್ಪ ಒಳಗೇ ಇರುತ್ತಾರೆ. ಆದ್ದರಿಂದ ಹೊರಗೆ ಚಳಿ ಹೆಚ್ಚಿದಂತೆಲ್ಲ ನಮ್ಮ ನಕ್ಷೆಯ ಗೆರೆ ಏರುತ್ತದೆ."

"ಮೊದಲೇ ಯಾಕೆ ಹೇಳ್ಲಿಲ್ಲ?" ಎಂದು ಹರಿಹಾಯ್ದೆ.

"ಮೂರನೇ ನಿಯಮ" ಎಂದಳು.

ಅಕ್ಕ ನೋಟ್‌ಬುಕ್ ಮುಚ್ಚಿ ಕನ್ನಡಕ ತೆಗೆದಳು. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿದಳು. "ಮೂವತ್ತು ವರ್ಷದಲ್ಲಿ ನನ್ನ ಒಂದು ಮಗುವೂ ಹೀಗೆ ಬರೀಲಿಲ್ಲ ಕಣಮ್ಮ. ಇವಳು ಮನೆಯಲ್ಲೇ ಇರ್ಲಿ."

"ಈ ತಿಂಗಳ ವಿಜ್ಞಾನ ನಂದೇ ಅಲ್ವಾ ಅಕ್ಕ?" ಎಂದೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಅಕ್ಕ ಮಗಳ ಬೆನ್ನು ತಟ್ಟಿದಳು.

ಹೊಟ್ಟೆ ಉರಿದು ನೋಟ್‌ಬುಕ್ ಕಸಿದುಕೊಂಡೆ, ಕೆಂಪು ಪೆನ್ನು ಹಿಡಿದೆ. ಮೂರು ಸಲ ಓದಿದೆ. ಒಂದೇ ಒಂದು ತಪ್ಪು ಸಿಗಲಿಲ್ಲ. ಬೇರೆ ದಾರಿ ಕಾಣದೆ ಕೆಳಗೆ ಸಹಿ ಹಾಕಲು ಹೊರಟೆ.

"ಅಪ್ಪ, ಸಹಿ ಆಮೇಲೆ" ಎಂದಳು ಮಗಳು, ಏಣಿ ಎಳೆದು ತರುತ್ತ. "ಮೊದಲು ಅಟ್ಟ ಹತ್ತಿ, ರಜಾಯಿ ಇಳಿಸಿ."